ಇಲ್ಲದ ಇಪ್ಪತ್ತೆಂಟು ದಿನ

ಆ ದಿನ ಬೆಳಗಾಗುವುದಕ್ಕೆ ಮೊದಲೇ ಗಾಳಿ ಎದ್ದಿತ್ತು. ಮಳೆ ತರುವ ಗಾಳಿಯಲ್ಲ, ಒಣಗಾಳಿ. ಎತ್ತ ಬೀಸಬೇಕೆಂದು ತನಗೇ ತಿಳಿಯದ ಹಾಗೆ ಒಮ್ಮೆ ಹಿತ್ತಲ ಬಾಗಿಲನ್ನು ತಳ್ಳುತ್ತಿತ್ತು, ಒಮ್ಮೆ ಬೀದಿ ಕಡೆಯ ಕಿಟಕಿಯನ್ನು ಬಡಿಯುತ್ತಿತ್ತು, ನಡುನಡುವೆ ಒಳಗೆ ನುಗ್ಗಿ ಓದುವ ಮೇಜಿನ ಕಾಗದಗಳನ್ನು ಒಂದೊಂದಾಗಿ ಎತ್ತಿ ನೋಡಿ ಇಡುತ್ತಿತ್ತು. ಪ್ರೊಫೆಸರರು ಎದ್ದು ಬಂದಾಗ ಆಹ್ವಾನ ಪತ್ರಿಕೆ ನೆಲದ ಮೇಲೆ ಮುಖ ಮೇಲಾಗಿ ಬಿದ್ದಿತ್ತು. ಮಲಗುವ ಮುಂಚೆ ಅದನ್ನು ಮಗುಚಿ ಇಟ್ಟಿದ್ದರು. ಗಾಳಿ ಮತ್ತೆ ತಿರುಗಿಸಿ ತೋರಿಸಿತ್ತು. ಬಗ್ಗಿ ಎತ್ತಿಕೊಂಡು, ಓದಬಾರದೆಂದುಕೊಂಡೇ ಮತ್ತೊಮ್ಮೆ ಓದಿದರು. ಅವರ ನಿವೃತ್ತಿಯ ಗೌರವಾರ್ಥ ವಿಭಾಗ ಏರ್ಪಡಿಸಿದ ವಿಚಾರ ಸಂಕಿರಣ. ಸ್ವಾಗತ, ಅವರ ಬಗ್ಗೆ ಇಬ್ಬರ ಮಾತು, ಆಮೇಲೆ ಹನ್ನೊಂದು ಗಂಟೆಗೆ ಒಂದೇ ಪ್ರಬಂಧ: 'ಹೊಸ ಪಂಚಾಂಗದ ಮೊದಲ ದಿನ: ಜಪಾನಿನ ಒಬ್ಬ ಹಳ್ಳಿ ಮೇಷ್ಟ್ರ ಡೈರಿಯ ಮರು ಓದು.' ಓದುವವಳು ಅವರ ಶಿಷ್ಯೆ, ಮನೆಯವರ ಬಾಯಲ್ಲಿ 'ಪೆನ್ಸಿಲ್ಲು'. ಆ ಡೈರಿಯಿಂದಲೇ ಮೂವತ್ಮೂರು ವರ್ಷದಿಂದ ಅವರಿಗೆ ಅನ್ನ, ಹೆಸರು, ಕುರ್ಚಿ ಎಲ್ಲ ಬಂದಿತ್ತು. ಮರು ಓದು ಎಂಬ ಎರಡು ಪದಗಳ ಅರ್ಥ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂದು ಹನ್ನೊಂದು ಗಂಟೆಗೆ, ಹಾರ ಹಾಕಿ ಕೂರಿಸಿ, ಎಲ್ಲರೆದುರಿಗೆ ಅವರ ಇಡೀ ಜನ್ಮದ ಕೆಲಸ ತಪ್ಪು ಎಂದು ಹೇಳಲಾಗುತ್ತದೆ.

"ಏನ್ರೀ, ಅದನ್ನ ಇನ್ನೆಷ್ಟು ಸಲ ಓದ್ತೀರಿ? ಅಕ್ಷರ ಸವೆದು ಹೋಗತ್ತೆ," ಎಂದಳು ಹೆಂಡತಿ, ಕಿಟಕಿಯ ಸಂದಿಗೆ ಹಳೇ ಪೇಪರಿನ ಮಡಿಕೆ ತುರುಕುತ್ತ.

"ಇದರಲ್ಲಿ ಏನಿದೆ ಅಂತ ನಿನಗೆ ಗೊತ್ತಾ?"

"ಗೊತ್ತು."

ಅವರು ಕನ್ನಡಕ ತೆಗೆದರು. "ಏನು ಗೊತ್ತು?"

"ಪೆನ್ಸಿಲ್ಲು ಹೋದ ತಿಂಗಳು ಬಂದಿದ್ದಳಲ್ಲ, ನೀವು ಹಲ್ಲು ತೋರಿಸೋಕೆ ಹೋಗಿದ್ದಾಗ. ಪೂರ್ತಿ ಓದಿ ಹೇಳಿದಳು. 'ಅಮ್ಮಾ, ಸಾರ್‌ಗೆ ಹೇಗೆ ಹೇಳಲಿ' ಅಂತ ಇದೇ ಕುರ್ಚೀಲಿ ಕೂತು ಅತ್ತಳು. ನಾನೇ ಅಂದೆ, ಹೇಳೋಕೆ ಹೋಗಬೇಡ, ಓದಿಬಿಡು ಅಂತ."

"ನೀನು ಅಂದೆ."

"ಹೂಂ. ನಾನೇ." ಮಡಿಕೆ ಸರಿಯಾಗಿ ಕೂತಿತೇ ಎಂದು ಬೆರಳಿನಿಂದ ಒತ್ತಿ ನೋಡಿದಳು. "ಬಿಸಿನೀರು ಕಾದಿದೆ. ಸ್ನಾನ ಮಾಡಿ."

ಬಾವಿಗೆ ಬಿಟ್ಟ ಹಗ್ಗ ಸೇದುತ್ತ ಸೇದುತ್ತ ಇದ್ದಕ್ಕಿದ್ದಂತೆ ಹಗುರಾಗಿ, ಬರೀ ತುದಿ ಕೈಗೆ ಬಂದ ಹಾಗಾಯಿತು ಅವರಿಗೆ. ಕೊಡ ಯಾವಾಗ ಕಳಚಿ ಬಿತ್ತು? ಒಂದು ತಿಂಗಳಿಂದ ಈಕೆ ಎಂದಿನ ಹಾಗೆ ತಟ್ಟೆ ಇಟ್ಟಿದ್ದಾಳೆ, ಗುಂಡಿ ಹೊಲಿದು ಕೊಟ್ಟಿದ್ದಾಳೆ, ಬೆಳಿಗ್ಗೆ ಏಳುವಾಗ ಎಂದಿನಂತೆ ಹಾಸಿಗೆಯ ಮೇಲೇ ಕಣ್ಣು ಮುಚ್ಚಿ ದೇವರಿಗೆ ಏನೋ ಒಂದು ಮಾತು ಹೇಳಿ ಎದ್ದಿದ್ದಾಳೆ. ಆ ಮಾತಿನಲ್ಲಿ ಇದೂ ಇತ್ತೇ? ದೇವರಿಗೆ ಹೇಳಿ ಗಂಡನಿಗೆ ಹೇಳದೆ ಇದ್ದಳೇ? ಸ್ನಾನದ ಮನೆಯಲ್ಲಿ ಬಿಸಿನೀರು ಹೊಯ್ದುಕೊಳ್ಳುತ್ತ ಅವರು ಪೆನ್ಸಿಲ್ಲನ್ನು ಬೈಯಲು ಪದ ಹುಡುಕಿದರು, ಸಿಗಲಿಲ್ಲ. ಆ ಅಡ್ಡಹೆಸರನ್ನು ಕೊಟ್ಟವರು ಅವರೇ. ಹಳೆಯ ಕಾಗದವಿರುವ ಕೋಣೆಗೆ ಮಸಿ ತರಬಾರದು, ಪೆನ್ಸಿಲ್ಲೊಂದೇ, ಒಂದು ಹನಿ ಮಸಿ ನೂರು ವರ್ಷದ ಬಾಳು ತಿನ್ನುತ್ತದೆ ಎಂದು ಮೊದಲ ದಿನ ಹೇಳಿದ್ದರು. ಮರುದಿನದಿಂದ ಹುಡುಗಿ ಮುಡಿಯಲ್ಲೇ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡು ಬರತೊಡಗಿದಳು. ನಾಲ್ಕು ವರ್ಷ, ಪ್ರತಿ ಭಾನುವಾರ, ಊಟದ ಮೇಜಿನ ಮೇಲೆ ಅವಳಿಗೆ ಆ ಹಳೆಯ ಕುಂಚದ ಬರವಣಿಗೆ ಓದುವುದನ್ನು ಕಲಿಸಿದ್ದರು. ಸಾಲಿಗೆ ಸಾಲು ಇರುವೆ ಹರಿದಂತಿರುವ ಅಕ್ಷರ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳಬಲ್ಲವರು ಆ ಊರಿನಲ್ಲಿ ಅವರೊಬ್ಬರೇ, ಆಮೇಲೆ ಅವಳು. ಕೈ ಹಿಡಿದು ಕಲಿಸಿದ ಅಕ್ಷರವೇ ಈಗ ಎದ್ದು ಬಂದು ಎದೆಗೆ ಒದೆಯುತ್ತಿದೆ. ನೀರು ಆರಿತ್ತು. ಕೊನೆಯ ಚೊಂಬು ಸುರಿದುಕೊಂಡು ಎದ್ದರು.

ಮೇಷ್ಟ್ರು ಎಂದರೆ ಅವರಿಗೆ ಡೈರಿ ಬರೆದ ಪರದೇಶಿಯಲ್ಲ, ಮನೆಯ ಹಿರಿಯ. ಜಪಾನಿನ ಒಂದು ಗುಡ್ಡದ ಹಳ್ಳಿಯಲ್ಲಿ ಸರ್ಕಾರ ಹೊಸದಾಗಿ ತೆಗೆಸಿದ ಶಾಲೆಗೆ ಬಂದ ಬಡ ಮನುಷ್ಯ. ದಿನಕ್ಕೆ ಎರಡು ಸಾಲು ಬರೆಯುತ್ತಿದ್ದ. ಎಷ್ಟು ಮಕ್ಕಳು ಬಂದರು, ಹಿಮ ಎಷ್ಟು ಬಿತ್ತು, ಸೌದೆ ಯಾರು ಕೊಟ್ಟರು. ಮೆಯಿಜಿ ಚಕ್ರವರ್ತಿಯ ಆಳ್ವಿಕೆಯ ಐದನೇ ವರ್ಷ, ಹನ್ನೆರಡನೇ ತಿಂಗಳು, ಎರಡನೇ ದಿನ: 'ಮಗಳ ಕೆಮ್ಮು ಹೆಚ್ಚಿದೆ. ರಾತ್ರಿಯೆಲ್ಲ ಎತ್ತಿಕೊಂಡು ತಿರುಗಿದೆ.' ಅದರ ಕೆಳಗೆ, ಅದೇ ಹಾಳೆಯಲ್ಲಿ, ಒಂದು ಬೆರಳಿನ ಜಾಗವೂ ಬಿಡದೆ: 'ಮೊದಲ ತಿಂಗಳು, ಮೊದಲ ದಿನ. ಬಾನು ತಿಳಿಯಾಗಿದೆ. ಸಂಜೆ ಹಿಂದಿರುಗುವಾಗ ಶಾಲೆಯ ಸೂರಿನ ಮೇಲೆ ಉಗುರಿನಷ್ಟು ಚಂದ್ರ.' ನಡುವೆ ಒಂದು ತಿಂಗಳಿಲ್ಲ. ಮಗಳ ಮಾತು ಆ ಪುಸ್ತಕದಲ್ಲಿ ಮತ್ತೆ ಬರುವುದೇ ಇಲ್ಲ. ಇಪ್ಪತ್ತೆಂಟು ದಿನ ಆ ತಂದೆ ಕುಂಚ ಮುಟ್ಟಲಿಲ್ಲ, ಮಗು ಹೋದದ್ದನ್ನು ಬರೆಯಲಾರದೆ ಹೋದ, ಆಮೇಲೆ ಒಂದು ಸಂಜೆ ಚಂದ್ರನನ್ನು ನೋಡಿ ಮತ್ತೆ ಬರೆದ. 'ಇಪ್ಪತ್ತೆಂಟು ದಿನಗಳ ಮೌನ' ಎಂದು ಅವರು ಬರೆದ ಲೇಖನವನ್ನು ಓದಿ ಎಷ್ಟು ಜನ ಅತ್ತಿದ್ದರು! ಪಠ್ಯದಲ್ಲಿ ಸೇರಿತ್ತು. ಆ ವರ್ಷ ಸರ್ಕಾರ ಪಂಚಾಂಗ ಬದಲಿಸಿದ್ದು ಅವರಿಗೆ ಗೊತ್ತಿರಲಿಲ್ಲವೇ? ಪ್ರತಿ ವರ್ಷ ಪಾಠದಲ್ಲಿ ಅವರೇ ಹೇಳುತ್ತಿದ್ದರು: ಚಂದ್ರನ ಲೆಕ್ಕ ಬಿಟ್ಟು ಸೂರ್ಯನ ಲೆಕ್ಕ ಹಿಡಿದರು, ಜನ ಹನ್ನೆರಡನೇ ತಿಂಗಳ ಎರಡರಂದು ಮಲಗಿ ಹೊಸ ವರ್ಷದ ಒಂದರಂದು ಎದ್ದರು, ಉಳಿದ ದಿನಗಳು ಯಾರ ಬಾಳಿನಲ್ಲೂ ಬರಲೇ ಇಲ್ಲ. ಹುಡುಗರು ನಗುತ್ತಿದ್ದರು, ಅವರೂ ನಗುತ್ತಿದ್ದರು. ಆದರೆ ಅದು ಪಟ್ಟಣದ ಮಾತು. ಗುಡ್ಡದ ಹಳ್ಳಿಗಳು ವರ್ಷಗಟ್ಟಲೆ ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿದ್ದವು, ನಮ್ಮ ಮೇಷ್ಟ್ರೂ ಹಾಗೆಯೇ, ಎಂದು ಒಂದು ಅಡಿಟಿಪ್ಪಣಿ ಹಾಕಿ ಮುಂದೆ ಹೋಗಿದ್ದರು. ಸರ್ಕಾರದ ಸಂಬಳ ತಿನ್ನುವವನು ಸರ್ಕಾರದ ಹುಕುಮಿನ ದಿನವೇ ತಾರೀಖು ಬದಲಿಸಿರುತ್ತಾನೆ ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆಯಲು ಬಿಡಲಿಲ್ಲ.

ಆ ಲೇಖನ ಅಚ್ಚಾಗಿ ಬಂದಾಗ ಹೆಂಡತಿಗೆ ಓದಿ ಹೇಳಿದ್ದರು. ಅವರದೇ ಮಗು ಹೋಗಿ ಆಗ ಒಂದು ವರ್ಷವಾಗಿತ್ತು. ಆಕೆ ಅಳಲಿಲ್ಲ. ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಕೇಳಿದಳು, "ಅಲ್ಲಾ ರೀ, ತಿಂಗಳು ಶುರುವಾಗೋದು ಅಮಾವಾಸ್ಯೆ ಕಳೆದು ತಾನೆ? ಪಾಡ್ಯದ ದಿನ ಚಂದ್ರ ಎಲ್ಲಿ ಕಾಣ್ತಾನೆ? ಉಗುರಿನಷ್ಟು ಕಾಣ್ಬೇಕಾದ್ರೆ ತದಿಗೆ ಆಗ್ಬೇಕು." ಅವರಿಗೆ ಮೈ ಉರಿದುಹೋಗಿತ್ತು. "ಒಬ್ಬ ಮನುಷ್ಯನ ದುಃಖ ಓದ್ತಾ ಇದ್ದೀನಿ, ನೀನು ಚಂದ್ರನ ಲೆಕ್ಕ ಹಾಕ್ತಾ ಇದ್ದೀಯ," ಎಂದಿದ್ದರು. ಆಕೆ ಮತ್ತೆ ಬಟ್ಟೆ ಮಡಿಸಿದ್ದಳು. ಆಮೇಲೆ ಎಂದೂ ಅವರ ಬರಹ ಕೇಳಲು ಕೂರಲಿಲ್ಲ. ಅದನ್ನು ಅವರು ಆಕೆಯ ಸಣ್ಣತನವೆಂದೇ ಬಗೆದಿದ್ದರು.

ಅಂಗಿ ಹಾಕಿಕೊಂಡು, ಸಭೆಯಲ್ಲಿ ಉತ್ತರ ಕೊಡಲು ಹಳೆಯ ಟಿಪ್ಪಣಿ ಬೇಕೆಂದು ಮೇಜಿನ ಕೆಳಗಿನ ಖಾನೆ ಎಳೆದರು. ಅದು ಅರ್ಧಕ್ಕೆ ಸಿಕ್ಕಿಕೊಳ್ಳುವ ಖಾನೆ. ಕೈ ಒಳಗೆ ಹಾಕಿ ತಡಕಬೇಕು. ತಡಕಿದಾಗ ಬಂದದ್ದು ಟಿಪ್ಪಣಿಯಲ್ಲ, ದಾರ ಪೋಣಿಸಿದ ಹನ್ನೆರಡು ಹಾಳೆ. ಪೆನ್ಸಿಲ್ ಬರವಣಿಗೆ. 'ಅನುಬಂಧ: ಮೇಷ್ಟ್ರ ಡೈರಿಯ ಚಂದ್ರ.' ಕೆಳಗೆ ಹನ್ನೊಂದು ವರ್ಷದ ಹಿಂದಿನ ತಾರೀಖು. ಹೌದು, ಪೆನ್ಸಿಲ್ಲು ಆಗಲೇ ತಂದು ಕೊಟ್ಟಿದ್ದಳು, ಅವರಿಗೇ, ಮೊಟ್ಟಮೊದಲು. ಓದಿ, ಅಂಚಿನಲ್ಲಿ 'ಇದು ಬೇಡ' ಎಂದು ಬರೆದು, "ಸದ್ಯಕ್ಕೆ ನನ್ನ ಹತ್ತಿರ ಇರಲಿ" ಎಂದಿದ್ದರು. ಅವಳು "ಆಗಲಿ ಸಾರ್" ಎಂದಿದ್ದಳು. ಅನುಬಂಧವಿಲ್ಲದ ಪಿಎಚ್.ಡಿ. ಪ್ರಬಂಧದಲ್ಲಿ ಹೊಸದೇನೂ ಇಲ್ಲವೆಂದು ಪರೀಕ್ಷಕರು ಬರೆದರು. ಅವಳಿಗೆ ಎಲ್ಲಿಯೂ ಕಾಯಂ ಕೆಲಸ ಸಿಗಲಿಲ್ಲ. ಮೂರು ಕಾಲೇಜಿಗೆ ಬಸ್ಸು ಹತ್ತಿ ಇಳಿದು ಪಾಠ ಹೇಳುತ್ತ ಹನ್ನೊಂದು ವರ್ಷ ಕಳೆದಳು. ಇದನ್ನೆಲ್ಲ ಅವರು ಮರೆತಿರಲಿಲ್ಲ. ಮರೆತ ಹಾಗೆ ಮೇಲೊಂದು ಬಟ್ಟೆ ಹೊದಿಸಿದ್ದರು, ಅಷ್ಟೆ. ಹಾಳೆಗಳನ್ನು ಮೇಜಿನ ಮೇಲೆ ಇಡಲು ಹೋದಾಗ ನಡುವಿನಿಂದ ಇನ್ನೊಂದು ಕಾಗದ ಜಾರಿತು. ಗಾಳಿ ಅದನ್ನು ಹಿಡಿದುಕೊಳ್ಳುವ ಮೊದಲೇ ಅವರು ಅಂಗೈ ಒತ್ತಿ ಹಿಡಿದರು. ಹಳದಿಯಾದ ಟೆಲಿಗ್ರಾಂ.

ಮೂವತ್ಮೂರು ವರ್ಷದ ಹಿಂದೆ, ಜಪಾನಿನಲ್ಲಿ, ವಾಚನಾಲಯದ ಆ ಕೋಣೆಯಲ್ಲಿ ಒಂದು ಎಣ್ಣೆ ಒಲೆ ಉರಿಯುತ್ತಿತ್ತು. ಡೈರಿಯ ಮನೆಯವರು ಅದನ್ನು ಒಂದು ತಿಂಗಳ ಮಟ್ಟಿಗೆ ಮಾತ್ರ ವಾಚನಾಲಯಕ್ಕೆ ಕೊಟ್ಟಿದ್ದರು. ಫೋಟೋ ತೆಗೆಯುವಂತಿಲ್ಲ, ಕೈಯಲ್ಲೇ ಇಳಿಸಿಕೊಳ್ಳಬೇಕು. ನಾಲ್ಕನೇ ತಾರೀಖು ಟೆಲಿಗ್ರಾಂ ಬಂತು. 'ಮಗು ಹೋಯಿತು. ಬನ್ನಿ.' ಹೋಯಿತು ಎಂದಮೇಲೆ ಹೋಗಿ ನೋಡುವುದೇನಿದೆ ಎಂದು ಮನಸ್ಸು ಮೊದಲ ದಿನ ಹೇಳಿತು. ಇನ್ನು ನಲವತ್ತು ಹಾಳೆ ಎಂದು ಎರಡನೇ ದಿನ ಹೇಳಿತು. ಆಮೇಲೆ ಏನೂ ಹೇಳಲಿಲ್ಲ, ಕೈ ಬರೆಯುತ್ತಿತ್ತು. ಟೆಲಿಗ್ರಾಂ ಜೇಬಿನಲ್ಲಿತ್ತು, ಬಗ್ಗಿದಾಗ ಚುಚ್ಚುತ್ತಿತ್ತು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಆ ಹಾಳೆ ಎದುರಾಯಿತು: ಕೆಮ್ಮುವ ಮಗು, ಆಮೇಲೆ ಇಲ್ಲದ ದಿನಗಳು, ಆಮೇಲೆ ಚಂದ್ರ. ಅವರು ಆಗ ಅತ್ತರು. ಕಾಗದದ ಮೇಲೆ ಹನಿ ಬೀಳಬಾರದೆಂದು ಕುರ್ಚಿ ಹಿಂದಕ್ಕೆ ಸರಿಸಿ ಅತ್ತರು. ಪುಸ್ತಕ ಎತ್ತಿ ಕೊಡುವ ಮುದುಕಿ ಒಂದು ಬಟ್ಟಲು ಬಿಸಿನೀರು ತಂದಿಟ್ಟು ಹೋದಳು. ಎಲ್ಲೋ ಒಬ್ಬ ತಂದೆ ತನ್ನ ಹಾಗೆಯೇ ಸುಮ್ಮನಿದ್ದ. ಸುಮ್ಮನಿದ್ದದ್ದು ಕಲ್ಲೆದೆಯಿಂದಲ್ಲ, ದುಃಖದಿಂದ. ಆ ಒಂದು ಊರುಗೋಲು ಸಿಕ್ಕಿತು. ಇಪ್ಪತ್ತೊಂದನೇ ತಾರೀಖು ಕೊನೆಯ ಹಾಳೆ ಮುಗಿಸಿ ಹೊರಟರು. ಟೆಲಿಗ್ರಾಂ ಹಳೆಯ ವಿಳಾಸಕ್ಕೆ ಹೋಗಿ, ಸುತ್ತಿ, ಹೊರಡುವ ಹಿಂದಿನ ದಿನವಷ್ಟೇ ಸಿಕ್ಕಿತು ಎಂದು ಮನೆಗೆ ಬಂದು ಹೇಳಿದರು. ಹೆಂಡತಿ ಅವರ ಮುಖವನ್ನೇ ನೋಡಿ, "ಕೈ ಕಾಲು ತೊಳ್ಕೊಳ್ಳಿ" ಎಂದಿದ್ದಳು.

"ನಾನು ಹಿಂದಿನಿಂದ ಬರ್ತೀನಿ, ನೀವು ನಡೀತಾ ಇರಿ," ಎಂದು ಅಡಿಗೆಮನೆಯಿಂದ ಕೂಗು ಬಂತು. ಅವರು ಹಾಳೆಗಳನ್ನೂ ಟೆಲಿಗ್ರಾಂ ಅನ್ನೂ ಚೀಲಕ್ಕೆ ಹಾಕಿದರು. ಏಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮನೆಯಲ್ಲಿ ಬಿಟ್ಟರೆ ಗಾಳಿ ಓದಿಬಿಡುತ್ತದೆ ಎಂಬಂತೆ.

ಕಾಲೇಜಿನ ಮೆಟ್ಟಿಲ ಬಳಿ ಅಟೆಂಡರ್ ಹೂವಿನ ಹಾರ ಹಾರಿಹೋಗದ ಹಾಗೆ ಎದೆಗೆ ಅವಚಿಕೊಂಡು ನಿಂತಿದ್ದ. "ಬನ್ನಿ ಜಪಾನು ಸಾರ್, ನಿಮ್ಮ ಹಾರ ನಾನೇ ಹಾಕ್ಕೋಬೇಕಾಗಿತ್ತು, ಅಂಥಾ ಗಾಳಿ! ರಿಟೈರ್ ಆದ್ಮೇಲಾದ್ರೂ ನಮ್ಮ ಮನೆ ರೇಡಿಯೋ ರಿಪೇರಿ ಮಾಡಿಕೊಡ್ತೀರೋ ಇಲ್ವೋ? ಜಪಾನಿಂದು ಸಾರ್ ಅದು." ಇಪ್ಪತ್ತು ವರ್ಷದ ಹಳೇ ನಗೆಚಾಟಿಕೆ. ಅವರು ಎಂದಿನಂತೆ, "ನನ್ನ ಜಪಾನಿನಲ್ಲಿ ಇನ್ನೂ ಕರೆಂಟು ಬಂದಿಲ್ಲಪ್ಪ," ಎಂದರು. ಧ್ವನಿ ಎಲ್ಲಿಂದಲೋ ಬಂದಂತಿತ್ತು.

ವಿಭಾಗದ ಮುಖ್ಯಸ್ಥ, ಅವರಿಗಿಂತ ಹದಿನೈದು ವರ್ಷ ಕಿರಿಯ, ತೋಳು ಹಿಡಿದು ತನ್ನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದ. "ಸಾರ್, ಬೇಜಾರು ಮಾಡ್ಕೋಬೇಡಿ. ಪ್ರಬಂಧ ನಾನು ನಿನ್ನೆ ಓದಿದೆ. ಒಂದು ಮಾತು. ಅವಳು ಮುಗಿಸಿದ ತಕ್ಷಣ ನೀವೇ ಎದ್ದು ನಿಂತು, 'ಇದು ನನಗೆ ಮೊದಲೇ ಹೊಳೆದಿತ್ತು, ನಾನೇ ಅವಳಿಗೆ ಹೇಳಿ ಮಾಡಿಸಿದ್ದು' ಅಂದ್ಬಿಡಿ. ಯಾರಿಗೆ ಗೊತ್ತಾಗತ್ತೆ? ಗುರುವಿನ ದೊಡ್ಡತನ ಅಂತಾರೆ. ಅವಳೂ ಸುಮ್ಮನಿರ್ತಾಳೆ, ಪಾಪ, ನಿಮ್ಮ ಜಾಗಕ್ಕೆ ಅರ್ಜಿ ಹಾಕಿದಾಳಲ್ಲ. ಸಮಿತೀಲಿ ನಿಮ್ಮ ಮಾತೇ ಕೊನೇದು." ಅವನ ಮೇಜಿನ ಗಾಜಿನ ಕೆಳಗೆ ಮಕ್ಕಳ ಫೋಟೋ ಇತ್ತು. ಒಂದು ಮಗುವಿಗೆ ಮುಂದಿನ ಹಲ್ಲು ಬಿದ್ದಿತ್ತು. ಪ್ರೊಫೆಸರರು ಅದನ್ನೇ ನೋಡುತ್ತಿದ್ದರು. ಅವರನ್ನು ನಾಚಿಸಿದ್ದು ಅವನು ಹೇಳಿಕೊಟ್ಟ ಸುಳ್ಳಲ್ಲ. ಅದೇ ಸುಳ್ಳು ಬೆಳಿಗ್ಗೆಯೇ, ಸ್ನಾನದ ಮನೆಯಲ್ಲಿಯೇ ತಮಗೂ ಹೊಳೆದಿತ್ತು ಎಂಬುದು.

ಸಭಾಂಗಣದ ಕಿಟಕಿಗಳು ಒಂದೇ ಸಮ ಬಡಿಯುತ್ತಿದ್ದವು. ಹಾರ ಕುತ್ತಿಗೆಗೆ ಒದ್ದೆಯಾಗಿ ಅಂಟಿತ್ತು. ಹಿಂದಿನ ಸಾಲಿನ ತುದಿಯಲ್ಲಿ ಹೆಂಡತಿ ಬಂದು ಕೂತದ್ದನ್ನು ಕಂಡರು. ಮುಂದೆ ಬನ್ನಿ ಎಂದು ಯಾರೋ ಕರೆದರೆ ಇಲ್ಲೇ ಇರಲಿ ಎಂದು ಕೈಯಾಡಿಸಿದಳು. ಪೆನ್ಸಿಲ್ಲು ಎದ್ದಳು. ಮುಡಿಯಲ್ಲಿ ಪೆನ್ಸಿಲ್ಲಿತ್ತು, ಕಿವಿಯ ಮೇಲೆ ನರೆ ಇತ್ತು. ನರೆ ಯಾವಾಗ ಬಂತು? ಅವಳು ಕಾಗದದಿಂದ ಕಣ್ಣೆತ್ತದೆ ಓದಿದಳು. ಹಳೆಯ ಲೆಕ್ಕದಲ್ಲಿ ತಿಂಗಳ ಮೊದಲ ದಿನ ಚಂದ್ರ ಕಾಣುವುದಿಲ್ಲ, ಮೇಷ್ಟ್ರಿಗೆ ಕಂಡಿದ್ದಾನೆ, ಆದ್ದರಿಂದ ಅದು ಹೊಸ ಪಂಚಾಂಗದ ಮೊದಲ ದಿನ, ಹಳೆಯ ಲೆಕ್ಕದ ಮೂರನೇ ದಿನ. ಎರಡು ಸಾಲುಗಳ ನಡುವೆ ಕಳೆದದ್ದು ಒಂದೇ ರಾತ್ರಿ. ಆಮೇಲೆ ಅವಳ ದನಿ ಇನ್ನಷ್ಟು ಇಳಿಯಿತು. ಡೈರಿಯ ಎರಡನೇ ಪುಸ್ತಕ ಆ ಮನೆತನದ ಇನ್ನೊಂದು ಕವಲಿನವರ ಬಳಿ ಸಿಕ್ಕಿದೆ. ಅದರಲ್ಲಿ ಮಗಳಿದ್ದಾಳೆ. ಹನ್ನೆರಡು ವರ್ಷಕ್ಕೆ ಬಾಚಣಿಗೆ ಮುರಿದು ಬೈಸಿಕೊಳ್ಳುತ್ತಾಳೆ, ಹದಿನೈದಕ್ಕೆ ರೇಷ್ಮೆ ಸುತ್ತಲು ಕಲಿಯುತ್ತಾಳೆ, ಹತ್ತೊಂಬತ್ತಕ್ಕೆ ಮದುವೆಯಾಗಿ ಹೋಗುತ್ತಾಳೆ.

ಬದುಕಿದ್ದಳು. ಸಂತೋಷವಾಗಬೇಕಿತ್ತು. ಅವರಿಗಾದದ್ದು, ಜೊತೆಗೆ ಸಾವಿನ ಮನೆಯಲ್ಲಿ ಕೂತವನು ಮೂವತ್ಮೂರು ವರ್ಷದ ಮೇಲೆ ಮೈ ಕೊಡವಿ ಎದ್ದು, ನನ್ನ ಮಗು ಆಟವಾಡುತ್ತಿದೆ, ಬರುತ್ತೇನೆ ಎಂದು ಹೊರಟುಹೋದಂತೆ. ಮೇಷ್ಟ್ರೂ ಕೈಬಿಟ್ಟರು. ಆ ರಾತ್ರಿಯೆಲ್ಲ ಮಗುವನ್ನು ಎತ್ತಿಕೊಂಡು ತಿರುಗಿ, ಮರುದಿನ ಶಾಲೆ ತೆಗೆದು, ಸಂಜೆ ಚಂದ್ರನನ್ನು ನೋಡಿ ಮನೆಗೆ ನಡೆದ ಮನುಷ್ಯ. ಅವನಿಗೆ ಮೌನವೇ ಇರಲಿಲ್ಲ. ಇಲ್ಲದ ದಿನಗಳು ಅವನವು. ಇದ್ದ ದಿನಗಳು, ಒಲೆ ಉರಿದ, ಕೈ ಬರೆದ, ಜೇಬಿನಲ್ಲಿ ಕಾಗದ ಚುಚ್ಚಿದ ಒಂದೊಂದು ದಿನವೂ, ಇವರವು. ಇಷ್ಟು ಹೊತ್ತು ಎದೆಯಲ್ಲಿ ಮಸೆಯುತ್ತಿದ್ದ ಸಿಟ್ಟಿಗೆ ಹಿಡಿ ಸಿಗಲಿಲ್ಲ.

"ಕೊನೆಯದಾಗಿ," ಎಂದಳು ಪೆನ್ಸಿಲ್ಲು, ಹಾಳೆ ಮಡಿಸುತ್ತ. ಇದು ಬರೆದು ತಂದ ಮಾತಲ್ಲ ಎಂದು ಅವರಿಗೆ ತಿಳಿಯಿತು. "ಈ ಸಂಶಯ ನನಗೆ ತೋರಿಸಿಕೊಟ್ಟವರು ಸಾರ್ ಅವರೇ. ಹನ್ನೊಂದು ವರ್ಷದ ಹಿಂದೆ. ಸಾಕ್ಷಿ ಸಾಲದು, ಇನ್ನೂ ಹುಡುಕು ಅಂದರು. ಅವರು ಹೇಳಿದ್ದಕ್ಕೇ ಹುಡುಕಿದೆ." ಕೂತಳು. ಕಣ್ಣು ಇವರ ಕಡೆ ಬರಲಿಲ್ಲ. ಮುಖ್ಯಸ್ಥ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಇವನು ಅವಳಿಗೂ ಹೇಳಿಕೊಟ್ಟನೇ, ಅಥವಾ ಅವಳೇ, ಈ ಮುದುಕ ಬೀಳಬಾರದೆಂದು, ಸುಳ್ಳನ್ನು ಚಾಪೆಯ ಹಾಗೆ ಹಾಸಿದಳೇ? ಯಾವುದಾದರೂ ಒಂದೇ. ತನ್ನ ಹನ್ನೊಂದು ವರ್ಷವನ್ನು ಅವಳು ಮತ್ತೊಮ್ಮೆ ಅವರಿಗೇ ಕೊಡುತ್ತಿದ್ದಳು, ಅವರು ಮತ್ತೊಮ್ಮೆ ತೆಗೆದುಕೊಂಡು ಖಾನೆಯಲ್ಲಿಡಬೇಕಿತ್ತು, ಅಷ್ಟೇ.

ಅವರು ಎದ್ದರು. ಹಾರ ಮೈಕಿಗೆ ಸಿಕ್ಕಿಕೊಂಡಿತು. ತೆಗೆದು ಮೇಜಿನ ಮೇಲಿಟ್ಟರು.

"ಪ್ರಬಂಧ ಸರಿಯಾಗಿದೆ," ಎಂದರು. "ಆದರೆ ಅವಳು ಕೊನೇಲಿ ಹೇಳಿದ್ದು ಸುಳ್ಳು. ನಾನು ಹುಡುಕು ಅನ್ನಲಿಲ್ಲ. ಬೇಡ ಅಂದೆ. ಅದರಿಂದ ಅವಳ ಪಿಎಚ್.ಡಿ. ಪ್ರಬಂಧ ಸೊರಗಿತು, ಅವಳಿಗೆ ಕೆಲಸ ಸಿಗಲಿಲ್ಲ. ಸಂಶಯ ಮೊದಲು ಬಂದದ್ದು ನನಗಲ್ಲ, ನನ್ನ ಹೆಂಡತಿಗೆ. ಆಕೆ ಹಳ್ಳಿಯಲ್ಲಿ ಹುಟ್ಟಿದವಳು, ಚಂದ್ರನನ್ನ ನೋಡಿ ಗೊತ್ತು. ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ." ಯಾರೋ ನಗಲು ಹೋಗಿ ನಿಲ್ಲಿಸಿಕೊಂಡರು. ಇನ್ನೂ ಏನೋ ಹೇಳಬೇಕಿತ್ತು, ದೊಡ್ಡದು. ಅದು ಈ ಸಭೆಗೆ ಹೇಳಬೇಕಾದದ್ದಲ್ಲ ಎಂದು ತಿಳಿದು ಕೆಳಗಿಳಿದು, ಚೀಲದಿಂದ ಹನ್ನೆರಡು ಹಾಳೆ ತೆಗೆದು ಪೆನ್ಸಿಲ್ಲಿನ ತೊಡೆಯ ಮೇಲಿಟ್ಟರು. ಅವಳು ಅಂಚಿನಲ್ಲಿದ್ದ 'ಇದು ಬೇಡ'ವನ್ನು ನೋಡಿದಳು. ಮುಡಿಗೆ ಕೈ ಹೋಯಿತು, ಪೆನ್ಸಿಲ್ ಮುಟ್ಟಿ ಹಿಂದಕ್ಕೆ ಬಂತು. "ಇದನ್ನ ಇಟ್ಕೊಂಡಿದ್ರಾ ಸಾರ್," ಎಂದಳು ಮೆಲ್ಲಗೆ. "ಹರಿದು ಹಾಕಿರ್ತೀರಿ ಅಂದ್ಕೊಂಡಿದ್ದೆ."

"ಹರಿಯೋಕೆ ಧೈರ್ಯ ಬೇಕಮ್ಮ."

ಹೊರಗೆ ಬಂದಾಗ ಹೆಂಡತಿ ಕಾರಿಡಾರಿನ ಕಲ್ಲು ಬೆಂಚಿನ ಮೇಲೆ ಕೂತಿದ್ದಳು. ಅವರಿಗೆ ಜಾಗ ಬಿಟ್ಟು ಸರಿದಳು. ಒಳಗಿನಿಂದ ಕುರ್ಚಿ ಎಳೆಯುವ ಸದ್ದು, ಮುಖ್ಯಸ್ಥನ ಸಮಾಧಾನದ ಮಾತು ಕೇಳುತ್ತಿದ್ದವು. ಅಂಗಳದಲ್ಲಿ ಧೂಳು ಸುತ್ತಿ ಸುತ್ತಿ ಏಳುತ್ತಿತ್ತು.

"ಸಭೆಯಲ್ಲಿ ನನ್ನ ಯಾಕೆ ಎಳೆದ್ರಿ? ಎಲ್ಲಾ ತಿರುಗಿ ತಿರುಗಿ ನೋಡಿದ್ರು," ಎಂದಳು. ಗದರಿದ ಹಾಗಿತ್ತು, ಗದರಿದ್ದಲ್ಲ.

"ನೀನು ಯಾಕೆ ಅವಳಿಗೆ ಓದು ಅಂದೆ?"

ಆಕೆ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಆ ಮಗು ಬದುಕಿತ್ತು ಅಂದಳು ಅವಳು. ಬದುಕಿದ್ದ ಮಗುವನ್ನ ಸತ್ತಿದೆ ಅಂತ ಇನ್ನೂ ಎಷ್ಟು ದಿನ ಹೇಳ್ತಾ ಇರೋದು? ದೇವರು ಮೆಚ್ಚಲ್ಲ. ಸತ್ತ ಮಗುವಿನ ಮಾತು ಮನೇಲಿ ಯಾರೂ ಆಡಲೇ ಇಲ್ಲ."

ಅವರು ಚೀಲಕ್ಕೆ ಕೈ ಹಾಕಿದರು. ಆ ಟೆಲಿಗ್ರಾಂ ಇಷ್ಟು ಹಗುರವೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ. ಅದನ್ನು ಕಳಿಸಿದವಳು ಆಕೆ. ಅಂಚೆ ಕಚೇರಿಯ ಕಟಕಟೆಯ ಮುಂದೆ ಒಬ್ಬಳೇ ನಿಂತು ಬರೆಸಿದ್ದು. ಮಡಿಕೆ ಬಿಚ್ಚಿ ಆಕೆಯ ಅಂಗೈಯಲ್ಲಿಟ್ಟರು. ಆಕೆ ಕನ್ನಡಕ ಹಾಕಿಕೊಂಡಳು, ಗಾಳಿಗೆ ಹಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ತನ್ನ ಮಾತನ್ನು ಓದಲಿಲ್ಲ. ಮೂಲೆಯಲ್ಲಿ, ತಲುಪಿದ ದಿನದ ಮುದ್ರೆಯನ್ನು ಓದಿದಳು. ಪರದೇಶದ ಮುದ್ರೆಯಾದರೂ ಅಂಕಿ ಗೊತ್ತಾಗುತ್ತಿತ್ತು.

"ನಾಲ್ಕು," ಎಂದಳು.

"ಹೌದು."

"ನೀವು ಹೊರಟದ್ದು?"

"ಇಪ್ಪತ್ತೊಂದು."

ಆಕೆ ಇನ್ನೊಂದು ಕೈಯ ಬೆರಳ ಗೆಣ್ಣುಗಳ ಮೇಲೆ ಎಣಿಸತೊಡಗಿದಳು, ತುಟಿ ಅಲ್ಲಾಡಿಸುತ್ತ, ಅವಸರವಿಲ್ಲದೆ, ಒಂದೊಂದು ದಿನಕ್ಕೂ ಒಂದು ಕ್ಷಣ ನಿಂತು. ಅವರು ಪಕ್ಕದಲ್ಲಿ ಕೂತು, ಎಣಿಕೆ ಮುಗಿಯುವವರೆಗೆ ಕಾದರು. ಹದಿನೇಳಕ್ಕೆ ಬೆರಳು ನಿಂತಿತು. ಆಕೆ ಟೆಲಿಗ್ರಾಂ ಅನ್ನು ಹಳೆಯ ಮಡಿಕೆಯಲ್ಲೇ ಮಡಿಸಿ, ಕನ್ನಡಕ ತೆಗೆದು, ಅದರ ಪೆಟ್ಟಿಗೆಯೊಳಗೆ ಎರಡನ್ನೂ ಒಟ್ಟಿಗೆ ಇಟ್ಟು ಮುಚ್ಚಳ ಹಾಕಿದಳು.